ನನ್ನ ಅನುಭವ: ಕಲಬುರಗಿ ಟೆರೇಸ್ ಕಸದಾಗ ಸಿಕ್ಕ ಆಕಾಶದ ಕಾಳು

ಕಡೀಗೂ ಸಿಕ್ಕಾವ ನೋಡ್ರಿ. ಕಲಬುರಗಿ ಊರೊಳಗಿನ ಟೆರೇಸ್ ಧೂಳಿನಾಗ ಮೈಕ್ರೋಮೀಟಿಯರೈಟ್, ಅಂದ್ರ ಬಾಹ್ಯಾಕಾಶದಿಂದ ಬಿದ್ದ ಧೂಳಿನ ಕಾಳು, ಸಾಸಿವಿಗಿಂತ ಭಾಳ ಸಣ್ಣವು, 0.2-0.3 ಮಿಲಿಮೀಟರ್ ಇರಬೇಕು. ಲ್ಯಾಬ್ ರಿಪೋರ್ಟ್ ಕೈಯಾಗ ಅದ, ಅದಕ್ಕೇ ಈಗ ಬರೀಲತ್ತೀನಿ.

ನಮ್ಮ ದೂರ್ಬಿನ್ ಗ್ಯಾಂಗಿನಾಗ ಒಬ್ರು ಫಿಜಿಕ್ಸ್ ಲೆಕ್ಚರರ್ ಅದಾರ, ಮೊದಲ್ನೇ ಫೋಟೋ ನೋಡಿದ ಕೂಡ್ಲೆ "ತಮ್ಮಾ, ಇದು ವೆಲ್ಡಿಂಗ್ ಕಿಡಿ, ನಿಮ್ಮ ಓಣ್ಯಾಗ ಗ್ರಿಲ್ ಮಾಡೋರು ಎಷ್ಟ್ ಮಂದಿ ಅದಾರ ಎಣಸು" ಅಂದ್ರು. ನಾರ್ವೆದ ಜಾಝ್ ಗಿಟಾರ್ ಬಾರ್ಸೋ ಜಾನ್ ಲಾರ್ಸನ್‌ಗೂ ಹಿಂಗೇ ಅಂದಿದ್ರು, ಊರಾಗ ಸಿಗಂಗಿಲ್ಲ, ಅಂಟಾರ್ಕ್ಟಿಕಾ ಹಿಮದಾಗ ಇಲ್ಲಾ ಸಮುದ್ರದ ತಳದಾಗ ಹುಡುಕು ಅಂತ. ಆಮ್ಯಾಲ ಲಂಡನ್ ಇಂಪೀರಿಯಲ್ ಕಾಲೇಜಿನ ಮ್ಯಾಥ್ಯೂ ಗೆಂಜ್ ಜೊತಿ ಸೇರಿ 2017ರಾಗ ಸಂಶೋಧನಾ ಪೇಪರ್ ಬಂತು, 300 ಕೆಜಿ ಮಾಳಗಿ ಕಸದಾಗ 500 ಕಾಳು. ಅದಕ್ಕಿಂತ ಮುಂಚೆ ಅಂದ್ರ, ಕಲ್ಲು ಆಕಾಶದಿಂದ ಬೀಳ್ತಾವ ಅಂತ 1794ರಾಗ ಜರ್ಮನಿಯ ವಿಜ್ಞಾನಿ ಖ್ಲಾಡ್ನಿ ಬರ್ದಾಗ ಭಾಳ ಮಂದಿ ಒಪ್ಪಲಿಲ್ಲ, 1803ರಾಗ ಫ್ರಾನ್ಸಿನ ಲೇಗಲ್‌ನಾಗ ಸಾವಿರಗಟ್ಲೆ ಕಲ್ಲು ಬಿದ್ದು ಅಲ್ಲಿಯ ವಿಜ್ಞಾನಿ ಬಿಯೋ ಹೋಗಿ ತಪಾಸಣೆ ಮಾಡಿದ ಮ್ಯಾಲೇ ಬಾಯಿ ಮುಚ್ಚಿದ್ರು. ನಮ್ಮ ಸರ್ ಡೌಟ್ ನನಗ ಸಿಟ್ಟು ತರ್ಸಿತ್ತು, ಆದ್ರ ಕೆಲಸ ಮುಂದ ಹೋಗಿದ್ದು ಅದ್ರಿಂದಾನೇ.

ಹೆಂಗಂದ್ರ, ವೆಲ್ಡಿಂಗ್ ಅಂತೀರಾ, ಹಂಗಾದ್ರ ವೆಲ್ಡಿಂಗ್ ಧೂಳೇ ತರ್ತೀನಿ ಅಂತ ಓಣ್ಯಾಗಿನ ಅಂಗಡಿ ನೆಲ ಗುಡಿಸಿ ತಂದೆ. ಸೇಡಂ ರೋಡಿನ ಕಡೀಂದ ಬೂದಿ ಧೂಳು, ದೀಪಾವಳಿ ಮರುದಿನ ಸುರ್‌ಸುರ್‌ಬತ್ತಿ ಸುಟ್ಟ ಜಾಗದ ಕಸ, ಎಲ್ಲಾ ಬ್ಯಾರೆ ಬ್ಯಾರೆ ಡಬ್ಬಿ, ಎಲ್ಲಾದ್ರ ಫೋಟೋ. ಇದು ಮಾಡಿದ ಮ್ಯಾಲೇ ಕಣ್ಣು ತಿದ್ದಿದ್ದು. ವೆಲ್ಡಿಂಗ್‌ದು ನುಣ್ಣಗ ಮಿಂಚ್ತದ, ಒತ್ತಿದ್ರ ಎಷ್ಟೋ ಸಲ ಒಳಗ ಟೊಳ್ಳು. ನಮಗ ಬೇಕಾದ್ದು ಮ್ಯಾಲ ಗೆರಿ ಗೆರಿ ಇರ್ತದ, ಗಾಳ್ಯಾಗ ಕರಗಿ ಗಟ್ಟಿ ಆಗೋ ಮುಂದ ಆಲಿವಿನ್ ಅನ್ನೋ ಖನಿಜದ ಹರಳು ಪಟ್ಟಿ ಪಟ್ಟಿ ಬೆಳೀತದಲ್ಲ, ಅದು.

ಮೊದಲ್ನೇ ವರ್ಷ ಪೂರಾ ವೇಸ್ಟ್ ಹೋಯ್ತು. ಈ ಕಾಳಿನಾಗ ಕಬ್ಬಿಣ ಇರ್ತದಂತ ಮ್ಯಾಗ್ನೆಟ್ ಹಚ್ಚಿ ಹುಡುಕೋದು. ನಮ್ಮ ಕಡಿ ಕರೀ ಮಣ್ಣು, ಬಸಾಲ್ಟ್ ಕಲ್ಲಿಂದ ಬಂದದ್ದು, ಅದ್ರಾಗ ಮ್ಯಾಗ್ನೆಟೈಟ್ ಅನ್ನೋ ಕಬ್ಬಿಣದ ಖನಿಜ ತುಂಬ್ಯದ, ಮ್ಯಾಗ್ನೆಟ್ ಇಟ್ರ ಅರ್ಧ ಕಸ ಎದ್ದು ಬರ್ತದ. ಬೀದರಿನ ದೋಸ್ತ ಒಬ್ಬ ಅಲ್ಲಿಂದ ಒಂದು ಚೀಲ ಕಳ್ಸಿದ್ದ, ಅಲ್ಲಿ ಕೆಂಪು ಜಂಬಿಟ್ಟಿಗಿ ಪುಡಿ, ಅದು ಇನ್ನಾ ಹೈರಾಣ. ಮಣ್ಣಿನ ಮಾಳಗಿ ಅಂತೂ ಮುಟ್ಟಲೇ ಬ್ಯಾಡ್ರಿ. ಡಿಸೆಂಬರ್‌ದಾಗ ಜೆಮಿನಿಡ್ ಉಲ್ಕಾಪಾತ ಇದ್ದಾಗ ಪ್ಲಾಸ್ಟಿಕ್ ಟಬ್ ಇಟ್ಟು ನೋಡ್ದೆ, ಏನೂ ಇಲ್ಲ, ಯಾಕಂದ್ರ ಒಂದು ಚದರ ಮೀಟರಿಗೆ ವರ್ಷಕ್ಕ ಒಂದು ಕಾಳು ಅಂತ ಲೆಕ್ಕ, ಅರ್ಧ ಚದರ ಮೀಟರ್ ಟಬ್ಬಿನಾಗ ಒಂದು ಸಿಗಲಿಕ್ಕೇ ಎರಡು ವರ್ಷ ಕಾಯಬೇಕು.

ಕೆಲಸ ಕೊಟ್ಟದ್ದು ಶಹಾಬಾದ್ ಕಲ್ಲು ಹಾಸಿದ ಹಳೇ ಟೆರೇಸ್. ಸುಣ್ಣದ ಕಲ್ಲು, ಮ್ಯಾಗ್ನೆಟ್‌ಗೆ ಅಂಟಂಗಿಲ್ಲ, ಕಲ್ಲಿನ ಸಂದಿನಾಗ ವರ್ಷಗಟ್ಲೆ ಧೂಳು ಕುಂತಿರ್ತದ. ಈ ಐಡಿಯಾ ನಂದೇ, ಇನ್ಯಾರೂ ಮಾಡಿದ್ದು ನಾ ನೋಡಿಲ್ಲ. ನೀರು ಇಳಿಯೋ ಪೈಪಿನ ಬಾಯಿ ಹತ್ರದ್ದು ಬಳ್ಕೊಂಡು, ಭಾಂಡಿ ತೊಳಿಯೋ ಸೋಪ್ ಹಾಕಿ ತೊಳ್ದು, ಒಣಗಿಸಿ, ಜರಡಿ, ಮ್ಯಾಗ್ನೆಟ್, ಆಮ್ಯಾಲ ದುಂಡನವು ಬ್ಯಾರೆ ಆಗ್ಲಿ ಅಂತ ಪೇಪರ್ ಮ್ಯಾಲ ಉಳ್ಳಿಸೋದು, ಇದು ಎಲ್ಲಾರೂ ಮಾಡೋದೇ. ಜರಡಿಗೂ ಮೈಕ್ರೋಸ್ಕೋಪಿಗೂ ನಡುವ ನಾ ಒಂದು ಕೆಲಸ ಮಾಡ್ತೀನಿ, ಅದ್ರಿಂದ ಹುಡುಕೋ ಕಸ ಹತ್ರತ್ರ ಹತ್ತು ಪಟ್ಟು ಕಮ್ಮಿ ಆಗ್ತದ, ಅದು ಈಗ ಹೇಳಂಗಿಲ್ಲ, ಇನ್ನೊಂದು ಮಳಿಗಾಲ ನೋಡಿ ಹೇಳ್ತೀನಿ.

ರೊಕ್ಕದ ಮಾತು. ಮ್ಯಾಗ್ನೆಟ್ ಫುಕಟ್, ನಂದು ಸ್ಪೀಕರ್ ರಿಪೇರಿ ಅಂಗಡಿ, ಸತ್ತ ಹಾರ್ಡ್ ಡಿಸ್ಕಿಂದ ತಗದದ್ದು. ಜರಡಿ ಎರಡಕ್ಕ ಎರಡೂವರಿ ಸಾವಿರದ ಆಸುಪಾಸು, ಯುಎಸ್‌ಬಿ ಮೈಕ್ರೋಸ್ಕೋಪ್ ಮೊದಲ್ನೇದು ದೀಡ್ ಸಾವಿರ ಕೊಟ್ಟು ಹಾಳಾಯ್ತು, ಎರಡನೇದು ಐದರ ಮ್ಯಾಲ ಬಿತ್ತು. ಎಲ್ಲಾಕ್ಕಿಂತ ತ್ರಾಸ ಅಂದ್ರ ಎಲೆಕ್ಟ್ರಾನ್ ಮೈಕ್ರೋಸ್ಕೋಪ್, ಕಾಳಿನಾಗ ಯಾವ್ಯಾವ ಧಾತು ಅದಾವ ಅಂತ ತೋರ್ಸೋದು. ಒಂದು ಕಡಿ ಕೇಳ್ದಾಗ "ಮನಿ ಕಸ ನಮ್ಮ ಮಶೀನಿನಾಗ ಹಾಕಂಗಿಲ್ಲ" ಅಂತ ವಾಪಸ್ ಕಳ್ಸಿದ್ರು. ಕಡೀಗೆ ಹೈದರಾಬಾದಿನಾಗ ಒಂದು ಲ್ಯಾಬ್ ಒಪ್ತು, ಹೋಗಿ ಬರೋದು ಸೇರಿ ನಾಕೈದು ಸಾವಿರ. ಮನ್ಯಾಗ ಇನ್ನಾ ಪೂರಾ ಲೆಕ್ಕ ಹೇಳಿಲ್ಲ.

ಹತ್ತು ಹನ್ನೆರಡು ಕಾಳು ಹಚ್ಚಿ ಒಯ್ದಿದ್ದೆ. ಬಹಳಷ್ಟು ಬರೇ ಕಬ್ಬಿಣ, ಒಂದೆರಡ್ರಾಗ ಮ್ಯಾಂಗನೀಸ್, ಅಂದ್ರ ವೆಲ್ಡಿಂಗ್, ಸರ್ ಮಾತು ಅಷ್ಟು ಖರೇ ಆಯ್ತು. ಆದ್ರ ಮೂರು ಕಾಳಿನಾಗ ಮೆಗ್ನೀಸಿಯಂ, ಸಿಲಿಕಾನ್, ಕಬ್ಬಿಣ ಹೆಂಗಿರಬೇಕೋ ಹಂಗೇ, ಸೋಡಿಯಂ ಇಲ್ಲವೇ ಇಲ್ಲ ಅಂದ್ರೂ ನಡೀತದ, ಯಾಕಂದ್ರ ಸೆಕೆಂಡಿಗೆ 11 ಕಿಲೋಮೀಟರಿಗಿಂತ ಜೋರಾಗಿ ಒಳಗ ಬರೋ ಮುಂದ ಕುದ್ದು ಆವಿ ಆಗಿರ್ತದ, ಒಂದ್ರಾಗ ಅಂತೂ ನಿಕಲ್ ಮಣಿ ಎದ್ದು ಕಾಣ್ತದ, ಆಕಾಶದ ಕಲ್ಲಿನ ಗುರುತು ಅದು. ಪ್ರಿಂಟ್ ತಗೊಂಡು ಸೀದಾ ಸರ್ ಮನಿಗೇ ಹೋದೆ. ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ, "ಆ ನಿಕಲ್ ಇದ್ದದ್ದು ಒಂದೇ ಆಯ್ತು, ಇನ್ನೊಂದು ಬ್ಯಾರೆ ಟೆರೇಸಿಂದು ತಂದು ತೋರ್ಸು" ಅಂದ್ರು. ಕೇಳಿದ್ದು ಬರೋಬ್ಬರಿ ಅದ.

ಅದಕ್ಕ ಚಿತ್ತಾಪುರ, ಶಹಾಬಾದ್ ಕಡಿ ಯಾರ ಮನ್ಯಾಗಾದ್ರೂ ಕಲ್ಲು ಹಾಸಿದ ಹಳೇ ಟೆರೇಸ್ ಇದ್ರ, ವಾಟರ್‌ಪ್ರೂಫಿಂಗ್ ಹಚ್ಚೋಕಿಂತ ಮೊದಲು ಒಂದು ಮಾತು ಹೇಳ್ರಿ, ಕಸಬರಿಗಿ ನಂದೇ ತರ್ತೀನಿ.