ಉಗುರು ಕಚ್ಚುವ ಮಗಳು, ಒಂದು ಗುಡ್ಡೆ ಅವರೆಕಾಯಿ

ಮಗಳಿಗೆ ಎಂಟು ವರ್ಷ. ಹೋದ ದಸರಾ ರಜೆಯಲ್ಲಿ ಅವಳ ಬಲಗೈ ಹೆಬ್ಬೆರಳು ಕೆಂಪಗೆ ಊದಿಕೊಂಡು ಕೀವು ತುಂಬಿತ್ತು. ಉಗುರುಸುತ್ತು. ಡಾಕ್ಟರು ನೋಡಿದ ಕೂಡಲೇ "ಉಗುರು ಕಚ್ತಾಳಾ?" ಅಂದರು. ಕಚ್ಚುವುದು ಗೊತ್ತಿತ್ತು, ಇಷ್ಟೊಂದು ಅಂತ ಗೊತ್ತಿರಲಿಲ್ಲ. ಹತ್ತೂ ಬೆರಳು ನೋಡಿದೆ, ಒಂದರಲ್ಲೂ ಬಿಳಿ ಅಂಚಿಲ್ಲ. ಉಗುರು ಸಂದಿಯ ಕೊಳೆಯಿಂದ ಹೊಟ್ಟೆಯಲ್ಲಿ ಹುಳ ಆಗುತ್ತೆ ಅಂತ ಜಂತುಹುಳದ ಮಾತ್ರೆಯನ್ನೂ ಬರೆದುಕೊಟ್ಟರು.

"ಉಗುರು ಕಚ್ಚಿದ್ರೆ ಮನೆಗೆ ದರಿದ್ರ" ಅನ್ನುವುದು ನಮ್ಮತ್ತೆಯ ಮಾತು. ಬೆರಳು ವಾಸಿಯಾದ ಮೇಲೆ ಹತ್ತೂ ಉಗುರಿಗೆ ಬೇವಿನೆಣ್ಣೆ ಸವರಿದರು. ನಾವು ಚಿಂತಾಮಣಿಯವರು, ರಾತ್ರಿ ಮುದ್ದೆ ಇಲ್ಲದೆ ಊಟವಿಲ್ಲ. ಆ ಕೈಯಲ್ಲೇ ಮುದ್ದೆ ಮುರಿದಳು, ಮೊದಲ ತುತ್ತಿಗೇ ಮುಖ ಕಿವುಚಿ ತಟ್ಟೆ ತಳ್ಳಿದಳು. ಉಗುರು ಬಿಡಲಿಲ್ಲ, ಮುದ್ದೆ ಬಿಟ್ಟಳು! ನಾನೂ ಕಡಿಮೆಯೇನಲ್ಲ. ಕಂಡಾಗೆಲ್ಲ "ಕೈ ತೆಗಿ" ಅಂತ ಗದರುತ್ತಿದ್ದೆ. ಬಾಗಿಲ ಹಿಂದೆ ನಿಂತು ಕಚ್ಚುವುದನ್ನು ಕಲಿತಳು ಅಷ್ಟೇ.

ಆಮೇಲೆ ಬೈಯುವುದು ಬಿಟ್ಟು ಸುಮ್ನೆ ನೋಡತೊಡಗಿದೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೇಲೇ ನಾಲ್ಕು ದಿನ ಗೀಟು ಹಾಕಿದೆ. ಆಟ ಆಡುವಾಗ ಒಂದೂ ಇಲ್ಲ. ಟಿವಿ ಮುಂದೆ ಕೂತಾಗ, ಏಳರ ಮಗ್ಗಿ ಒಪ್ಪಿಸುವಾಗ ಜಾಸ್ತಿ. ಇನ್ನೊಂದೂ ಕಣ್ಣಿಗೆ ಬಿತ್ತು. ಮೊದಲು ಹೆಬ್ಬೆರಳಿನಿಂದ ಉಳಿದ ಉಗುರುಗಳ ಅಂಚು ಸವರುತ್ತಾಳೆ. ಎಲ್ಲಿ ತರಿತರಿ ಸಿಕ್ಕಿತೋ ಆ ಬೆರಳು ಬಾಯಿಗೆ.

ಅಂದ ಮೇಲೆ ತರಿ ಉಳಿಸಬಾರದು, ಅಲ್ವಾ? ವಾರಕ್ಕೆ ಎರಡು ಸಲ ನೇಲ್ ಕಟರಿನ ಅರದಿಂದ ಅಂಚು ನಯ ಮಾಡುತ್ತಿದ್ದೆ. ಮಂಗಳವಾರ, ಶುಕ್ರವಾರ ಬೇಡ ಅಂದರು ಅತ್ತೆ. ಆಯ್ತು ಅಂದೆ. ರಾತ್ರಿ ಬೆರಳ ತುದಿಗೆ ಒಂದು ಹನಿ ಕೊಬ್ಬರಿ ಎಣ್ಣೆ.

ಜತೆಗೆ ಕೈಗೊಂದು ಕೆಲಸ. ಚಟ ಎದ್ದಾಗ, ಅದನ್ನು ಮಾಡಲು ಬಿಡದ ಬೇರೇನನ್ನಾದರೂ ಅದೇ ಕೈಯಿಂದ ಮಾಡಿಸಬೇಕು ಅಂತ ಆಜ್ರಿನ್, ನನ್ ಅನ್ನುವ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು 1973ರಲ್ಲೇ ಬರೆದಿದ್ದಾರೆ. ನಮ್ಮಿಬ್ಬರಲ್ಲಿ ಒಂದು ಗುಟ್ಟಿನ ಒಪ್ಪಂದವಾಯಿತು. ನಾನು ಕಿವಿ ಮುಟ್ಟಿಕೊಂಡರೆ ಅವಳು ಮುಷ್ಟಿ ಬಿಗಿಹಿಡಿದು ಮನಸ್ಸಿನಲ್ಲೇ ಅರವತ್ತು ಎಣಿಸಬೇಕು. ಬೇರೆಯವರಿಗೆ ಗೊತ್ತಾಗಬಾರದು. ಆ ಗುಟ್ಟೇ ಅವಳಿಗೆ ಇಷ್ಟವಾಗಿದ್ದು. ನೆಂಟರು ಬಂದಾಗ ನಾನು ಕಿವಿ ಮುಟ್ಟಿದರೆ ಕಿಸಕ್ಕನೆ ನಗುತ್ತಿದ್ದಳು.

ಡಿಸೆಂಬರಿನಲ್ಲಿ ಸೊಗಡವರೆ ಬಂತು. ಸಂಜೆ ಟಿವಿ ಮುಂದೆ ಮೊರದ ತುಂಬ ಕಾಯಿ ಸುರಿದು ಅವಳನ್ನೂ ಕೂರಿಸಿಕೊಂಡೆ. ಅವರೆಕಾಯಿ ಸುಲಿಯುವುದಕ್ಕೆ ಉಗುರು ಬೇಕು. ನಾರಿನ ಕಡೆ ಹೆಬ್ಬೆರಳ ಉಗುರು ಊರಿದರೆ ಪಟ್ ಅಂತ ಬಿಡುತ್ತೆ. ಅವಳ ಬೆರಳು ಜಾರುತ್ತಲೇ ಇತ್ತು. ಕೊನೆಗೆ ಹಲ್ಲಿನಲ್ಲಿ ಕಚ್ಚಿ ಬಿಡಿಸಿದಳು. ನಾನು ಏನೂ ಹೇಳಲಿಲ್ಲ. ನೆನೆಸಿದ ಕಾಳು ಹಿತುಕುವುದಕ್ಕೆ ಉಗುರು ಬೇಡ, ಆ ಪಾತ್ರೆ ಅವಳ ಮುಂದಿಟ್ಟೆ. ಎರಡು ಬೆರಳ ಮಧ್ಯೆ ಒತ್ತಿದರೆ ಬೇಳೆ ಚಂಗನೆ ಹಾರುತ್ತೆ. ಎರಡು ಸೀರಿಯಲ್ ಮುಗಿದರೂ ಕೈ ಬಾಯಿಗೆ ಹೋಗಲಿಲ್ಲ.

ಕೈಯುಗುರು ತಿಂಗಳಿಗೆ ಬೆಳೆಯುವುದೇ ಸುಮಾರು 3 ಮಿಲಿಮೀಟರ್. ಅವಸರ ಮಾಡಿ ಫಲವಿಲ್ಲ. ನಡುವೆ ಕಿರುಪರೀಕ್ಷೆ ಬಂದು ಮೂರು ಬೆರಳು ಮತ್ತೆ ಬೋಳಾದವು. ಅವತ್ತು ಗದರಿಬಿಟ್ಟೆ, ತಪ್ಪೇ. ಮತ್ತೆ ಕಿವಿ, ಮುಷ್ಟಿ, ಎಣ್ಣೆ.

ಸಂಕ್ರಾಂತಿಗೆ ಬೇಯಿಸಲು ತಂದ ಅವರೆಕಾಯಿಯನ್ನು ಅತ್ತೆಯ ಪಕ್ಕ ಕೂತು ಅವಳೇ ಬಿಡಿಸಿದಳು, ಹೆಬ್ಬೆರಳ ಉಗುರಿನಲ್ಲಿ, ಪಟ್ ಪಟ್ ಅಂತ. ಎಡಗೈ ಕಿರುಬೆರಳು ಮಾತ್ರ ಇನ್ನೂ ಮೊಂಡಾಗಿದೆ. ಮಗ್ಗಿ ಎಂಟಕ್ಕೆ ಬಂದಿದೆ ನೋಡಿ.