ಹತ್ತಿರದ ಟ್ವೀಟರ್‌ನ ಮುಖ ತಿರುಗಿಸಿದೆ, ದನಿ ನಡುವೆ ಬಂತು

ಕಾರಿನ ಟ್ವೀಟರ್, ಅಂದರೆ ಏರು ಸ್ವರಗಳ ಪುಟ್ಟ ಸ್ಪೀಕರ್, ಡ್ರೈವರ್ ಕಡೆಗೇ ನೋಡಬೇಕು ಅಂತ ಹೇಳಿದವರು ಒಬ್ಬಿಬ್ಬರಲ್ಲ. ಫಿಟ್ಟಿಂಗ್ ಹುಡುಗ ಹೇಳಿದ, ಭಾವ ಹೇಳಿದ, ನನಗಿಂತ ಮೊದಲೇ ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಹಾಕಿಸಿದ್ದ ಗೆಳೆಯನಂತೂ ನಾನು ಹತ್ತಿರದ್ದನ್ನು ಆಚೆ ತಿರುಗಿಸಿದ್ದಕ್ಕೆ ನಕ್ಕೇ ಬಿಟ್ಟ. ಈಗ ಅದೇ ಗೆಳೆಯ ಶಿರಸಿಯಿಂದ ಸಾಗರಕ್ಕೆ ಕಾರು ತಂದು ನಮ್ಮನೆ ಅಂಗಳದಲ್ಲಿ ನಿಲ್ಲಿಸಿದ್ದಾನೆ, ಅವನದಕ್ಕೂ ಹಾಗೇ ಮಾಡಿಕೊಡಬೇಕಂತೆ.

ನನ್ನದು 2013ರ ಡೀಸೆಲ್ ಸ್ವಿಫ್ಟ್. ಮುಂದೆ ಆರೂವರೆ ಇಂಚಿನ ಕಾಂಪೊನೆಂಟ್ ಸೆಟ್, ಅಂದರೆ ತಗ್ಗು ಸ್ವರದ ವೂಫರ್ ಬೇರೆ, ಟ್ವೀಟರ್ ಬೇರೆ, ಸುಮಾರು 9,000. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದು ತಂದ ಹಳೆಯ ನಾಲ್ಕು ಚಾನೆಲ್ ಆಂಪ್ 7,000. ಏರು ಸ್ವರ, ತಗ್ಗು ಸ್ವರ ಬೇರ್ಪಡಿಸಲು ಸೆಟ್ ಜೊತೆ ಬಂದ ಕ್ರಾಸ್‌ಓವರೇ ಸಾಕಾಯಿತು. ಎಲ್ಲ ಸ್ಪೀಕರಿನ ಸದ್ದು ಒಟ್ಟಿಗೆ ಕಿವಿ ಮುಟ್ಟುವ ಹಾಗೆ ಹೊಂದಿಸುವ ಡಿಎಸ್‌ಪಿ ಇಲ್ಲ. ಇದ್ದರೂ ಅದು ಒಂದು ಸೀಟಿಗೆ ಮಾತ್ರ ಹೊಂದಿಸುತ್ತದೆ, ಪಕ್ಕದ ಸೀಟಿನಲ್ಲಿ ಕೂತವರ ಗತಿ ಏನು?

ಮೊದಲ ದಂಡ ಹಿಂದಿನ ಟ್ರೇ ಮೇಲೆ ಹಾಕಿದ ಆರು-ಒಂಬತ್ತು ಇಂಚಿನ ಮೊಟ್ಟೆಯಾಕಾರದ ಸ್ಪೀಕರ್. ಸದ್ದು ಜೋರಾಗಿತ್ತು, ಆದರೆ ಹಾಡುವವರು ಡಿಕ್ಕಿಯಲ್ಲಿ ಕೂತ ಹಾಗೆ. ಮೂರೂವರೆ ಸಾವಿರಕ್ಕೆ ತಂದದ್ದನ್ನು ಅರ್ಧ ಬೆಲೆಗೆ ಕೊಟ್ಟೆ.

ಆಮೇಲೆ ಟ್ವೀಟರನ್ನು ಎಲ್ಲರಂತೆ ಕನ್ನಡಿ ಪಕ್ಕದ ತ್ರಿಕೋನಕ್ಕೆ ಕೂರಿಸಿ ನನ್ನ ಕಡೆ ತಿರುಗಿಸಿದೆ. ನಾನು ಪರೀಕ್ಷೆಗೆ ಇಟ್ಟುಕೊಂಡಿದ್ದು ನಾನೇ ಎರಡು ಮೈಕ್ ಇಟ್ಟು ರೆಕಾರ್ಡ್ ಮಾಡಿದ ಯಕ್ಷಗಾನ. ಭಾಗವತರು ನಡುವೆ, ಚೆಂಡೆ ಒಂದು ಬದಿ, ಮದ್ದಳೆ ಇನ್ನೊಂದು ಬದಿ. ಕಾರಿನಲ್ಲಿ ಹಾಕಿದರೆ ಭಾಗವತರು ಬಲಗಡೆ ಕನ್ನಡಿ ಮೇಲೆ ಬಂದು ಕೂತರು! ಟೈಲರ್ ಟೇಪು ಹಿಡಿದು ಅಳೆದೆ. ನನ್ನ ಮೂಗಿನಿಂದ ಬಲಗಡೆ ಟ್ವೀಟರ್ 65 ಸೆಂ.ಮೀ., ಎಡಗಡೆಯದು 115ರ ಆಸುಪಾಸು. ಶಬ್ದಕ್ಕೆ 34 ಸೆಂ.ಮೀ. ದಾಟಲು ಒಂದು ಮಿಲಿಸೆಕೆಂಡ್, ಅಂದರೆ ಎಡಗಡೆಯದು ಒಂದೂವರೆ ಮಿಲಿಸೆಕೆಂಡ್ ತಡ. ಮೊದಲು ಬಂದದ್ದರ ಕಡೆಗೇ ಕಿವಿ ವಾಲುತ್ತದೆ, ಅಲ್ವಾ? ಬ್ಯಾಲೆನ್ಸ್ ತಿರುಗಿಸಿ ತಿರುಗಿಸಿ ನಾಬ್ ಸವೆಯಿತೇ ಹೊರತು ಭಾಗವತರು ಅಲುಗಲಿಲ್ಲ.

ಮೂರನೆಯದು ಕಿಕ್ ಪ್ಯಾನೆಲ್, ಅಂದರೆ ಮುಂದೆ ಕಾಲಿಡುವ ಜಾಗದ ಪಕ್ಕದ ಗೋಡೆ. ಲೆಕ್ಕದಲ್ಲಿ ಇದೇ ಒಳ್ಳೆಯದು, ಎರಡೂ ಕಡೆಯ ದೂರ ಹೆಚ್ಚುಕಡಿಮೆ ಸಮ ಆಗುತ್ತದೆ. ಆದರೆ ನಮ್ಮ ಕಾರಿನಲ್ಲಿ ಬಲಗಡೆ ಕಿಕ್ ಪ್ಯಾನೆಲ್ ಅಂದರೆ ಆಕ್ಸಿಲರೇಟರ್ ಪಕ್ಕ. ಹದಿನೈದು ದಿನದಲ್ಲಿ ಶೂ ತಾಗಿ ಜಾಲರಿ ಚಪ್ಪಟೆ. ಒಂದು ದಿನ ಆಗುಂಬೆ ಘಾಟಿ ಇಳಿಯುವಾಗ ಶೂ ಅದರ ಅಂಚಿಗೆ ಸಿಕ್ಕಿ ಬ್ರೇಕಿಗೆ ಕಾಲು ತಡವಾಗಿ ಹೋಯಿತು. ಕೆಳಗೆ ಹೋಗಿ ಕಾರು ನಿಲ್ಲಿಸಿ ಅಲ್ಲೇ ಕಿತ್ತು ಹಾಕಿದೆ. ಯಾರೂ ಬಲಗಡೆ ಇದನ್ನು ಮಾಡಬೇಡಿ.

ಅಷ್ಟರಲ್ಲಿ ಕಾರಿನ ಒಳಗಿನ ಎರಡು ಪ್ಲಾಸ್ಟಿಕ್ ಟ್ರಿಮ್‌ಗೆ ತೂತು ಬಿದ್ದಿತ್ತು, ಬದಲಾಯಿಸಲು 2,000 ಹೋಯಿತು. ಇನ್ನು ತೂತು ಕೊರೆಯುವುದಿಲ್ಲ ಅಂತ ನಿರ್ಧಾರ ಮಾಡಿದೆ. ಅಡುಗೆಮನೆಯಲ್ಲಿ ತೆಂಗಿನ ಚಿಪ್ಪು ಕಾಣಿಸಿತು. ಸಣ್ಣ ಕಾಯಿಯ ಕಣ್ಣಿಲ್ಲದ ಅರ್ಧ ತೆಗೆದುಕೊಂಡು, ಬಾಯಿಯನ್ನು ಟ್ವೀಟರ್ ಅಳತೆಗೆ ಉಜ್ಜಿ, ಉದ್ದ ವೈರ್ ಬಿಟ್ಟು, ಮಕ್ಕಳ ಆಟದ ಕ್ಲೇ ಹಚ್ಚಿ ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದೆ. ಒಂದು ತಿಂಗಳು ದಿನಾ ರಾತ್ರಿ ಅದನ್ನು ಅತ್ತ ಇತ್ತ ಸರಿಸುವುದೇ ಕೆಲಸ. ಹೆಂಡತಿ ನೋಡಿ, ಆಯುಧಪೂಜೆ ಇನ್ನೂ ದೂರ ಇದೆಯಲ್ಲ ಅಂದಳು.

ಕೊನೆಗೆ ಕೂತ ಜಾಗ ಡ್ಯಾಶ್‌ಬೋರ್ಡಿನ ಎರಡು ದೂರದ ಮೂಲೆ, ಗಾಜಿನ ಬುಡ. ನನಗೆ 80 ಮತ್ತು 120 ಸೆಂ.ಮೀ. ಬಲಗಡೆ ಟ್ವೀಟರ್ ನೋಡುವುದು ಪಕ್ಕದ ಸೀಟಿನವರನ್ನು, ಎಡಗಡೆಯದು ನನ್ನನ್ನು. ಟ್ವೀಟರ್ ನೇರ ಎದುರಿಗೆ ಜೋರು, ಓರೆಯಲ್ಲಿ ಮಂದ. ಹತ್ತಿರದ್ದು ಮೊದಲು ಬಂದರೂ ಮಂದವಾಗಿ ಬರುತ್ತದೆ, ದೂರದ್ದು ತಡವಾದರೂ ಜೋರಾಗಿ ಬರುತ್ತದೆ, ಎರಡೂ ಸೇರಿ ಭಾಗವತರು ಸೀದಾ ಡ್ಯಾಶ್‌ಬೋರ್ಡಿನ ನಡುವೆ. ಪಕ್ಕದ ಸೀಟಿಗೂ ಅದೇ ಲೆಕ್ಕ. ಎಷ್ಟು ಡಿಗ್ರಿ ಅಂತ ಕೇಳಬೇಡಿ, ಅದು ನಿಮ್ಮ ಗಾಜಿನ ಇಳಿಜಾರಿನ ಮೇಲೆ ಹೋಗುತ್ತದೆ. ಚಿಪ್ಪಿನ ಒಳಗೆ ಏನು ತುಂಬಿದ್ದೇನೆ ಅನ್ನುವುದನ್ನೂ ಹೇಳುವುದಿಲ್ಲ, ಅದಕ್ಕೆ ನನಗೆ ಎರಡು ವಾರ ಹಿಡಿದಿದೆ.

ಗಾಜಿಗೆ ಬಡಿದು ವಾಪಸ್ ಬರುವ ಸದ್ದಿಗೆ ಸ್ವಲ್ಪ ಕರ್ಕಶ ಇತ್ತು. ಹಳೆ ಕಂಬಳಿ ತುಂಡು ಡ್ಯಾಶ್‌ಬೋರ್ಡಿಗೆ ಹಾಸಿದೆ, ನಿಜವಾಗಲೂ ತಣ್ಣಗಾಯಿತು. ಮಳೆ ಬಂದಾಗ ಕಾರೆಲ್ಲ ಕುರಿ ವಾಸನೆ ಹೊಡೆದು ತೆಗೆದೆ. ಈಗ ತೆಳು ಫೆಲ್ಟ್ ಇದೆ. ಒಂದು ವೂಫರಿನ ಪ್ಲಸ್ ಮೈನಸ್ ಅದಲುಬದಲು ಮಾಡಿಯೂ ನೋಡಿದೆ. ಬೇಸ್ ಗಟ್ಟಿಯಾಯಿತು, ದನಿ ತೆಳುವಾಯಿತು, ವಾಪಸ್ ಹಾಕಿದೆ.

ವೂಫರ್ ಮಾತ್ರ ಬಾಗಿಲಿನ ಕಂಪನಿ ಜಾಗದಲ್ಲೇ ಇದೆ. ಆದರೆ ಅಲ್ಲೂ ಸುಲಭದಲ್ಲಿ ಆಗಲಿಲ್ಲ. ಸ್ಪೀಕರನ್ನು ಎತ್ತಿ ಹಿಡಿಯುವ ರಿಂಗ್ ಇಲ್ಲದೆ ಹಾಕಿದ್ದಕ್ಕೆ ಗಾಜು ಇಳಿಸಿದಾಗ ಮ್ಯಾಗ್ನೆಟ್‌ಗೆ ಟಕ್ ಅಂತ ತಾಗಿತು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ರಿಂಗ್ ಹಾಕಿದೆ. ನಮ್ಮೂರಿನ ಒಂದು ಮಳೆಗಾಲಕ್ಕೆ ಅದು ನೆನೆದ ರಸ್ಕಿನ ಹಾಗೆ ಉಬ್ಬಿ ಸ್ಕ್ರೂ ಎಲ್ಲ ಸಡಿಲ. ಈಗಿರುವುದು ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಬೋರ್ಡ್ ಕತ್ತರಿಸಿ ಮಾಡಿದ ರಿಂಗ್, ಎರಡು ಬೋರ್ಡಿಗೆ 300 ರೂಪಾಯಿ, ಮೂರು ಮಳೆಗಾಲ ಕಳೆದಿದೆ. ಬಾಗಿಲ ತಗಡು ನಡುಗದ ಹಾಗೆ ಡ್ಯಾಂಪಿಂಗ್ ಶೀಟ್ ನಾಲ್ಕು ಸಾವಿರದ್ದು ಹಾಕಿದೆ. ನೀವೂ ಬಾಗಿಲ ಒಳತಗಡಿನ ದೊಡ್ಡ ತೂತುಗಳನ್ನು ಮುಚ್ಚಿ. ಅಡಿಯಲ್ಲಿ ನೀರು ಹೋಗುವ ತೂತುಗಳನ್ನು ಮಾತ್ರ ಮುಟ್ಟಬೇಡಿ.

ಎಲ್ಲ ಸೇರಿ ಇಪ್ಪತ್ತೊಂದು, ಇಪ್ಪತ್ತೆರಡು ಸಾವಿರ ಒಳಗೇ ಇದೆ. ದಂಡ ಹೋದದ್ದು ಬೇರೆ, ಐದಾರು ಸಾವಿರ ಇರಬೇಕು.

ಗೆಳೆಯನ ಕಾರು ಹೊಸದು, ಮುಂದಿನ ಗಾಜಿನ ಪಕ್ಕದ ಪಿಲ್ಲರ್ ಒಳಗೆ ಕರ್ಟನ್ ಏರ್‌ಬ್ಯಾಗ್ ಇದೆ, ಆ ಕಡೆ ಕೈ ಹಾಕುವುದಿಲ್ಲ ಅಂತ ಮೊದಲೇ ಹೇಳಿಬಿಟ್ಟೆ. ನಿನ್ನೆ ಸಂಜೆ ಟೇಪು ಹಿಡಿದು ಅಳತೆ ತೆಗೆದುಕೊಂಡೆವು. ಅವನ ಪಾಲಿನ ಎರಡು ಚಿಪ್ಪು ಅಟ್ಟದ ಮೇಲೆ ಒಣಗುತ್ತಿವೆ.