ರಿಪೋರ್ಟೆಲ್ಲ ನಾರ್ಮಲ್, ಮುಂದೇನು?

ಸುಸ್ತು, ತಲೆಸುತ್ತು, ಕೈಕಾಲು ಸೆಳೆತ, ನಡುನಡುವೆ ಎದೆ ಡವಡವ. ಒಂದು ಸಾಮಾನ್ಯ ವೈರಲ್ ಜ್ವರದ ಬೆನ್ನಿಗೇ ಇವೆಲ್ಲ ಶುರುವಾದವು. ಜ್ವರ ಇಳಿಯಿತು, ಇವು ಇಳಿಯಲಿಲ್ಲ. ನಾನು ಶಾಲೆಯಲ್ಲಿ ಪಾಠ ಮಾಡುವವಳು, ನಿಂತೇ ದಿನ ಕಳೆಯುವ ಕೆಲಸ. ರಕ್ತ, ಥೈರಾಯ್ಡ್, ಸಕ್ಕರೆ, ಬಿ12, ಇಸಿಜಿ, ಎಕೋ, ಕೊನೆಗೆ ತಲೆಯ ಎಂಆರ್‌ಐ ಕೂಡ ಆಯಿತು. ಎಲ್ಲವೂ ನಾರ್ಮಲ್. ಪ್ರತಿ ಸಲ ರಿಪೋರ್ಟ್ ಕೈಗೆ ಬಂದಾಗ ಮನೆಯವರಿಗೆ ನಿರಾಳ, ನನಗೆ ಒಳಗೊಳಗೇ ನಿರಾಸೆ. ಕಾಯಿಲೆ ಸಿಗಲಿ ಎಂದು ಯಾರಾದರೂ ಬಯಸುತ್ತಾರಾ ಅಂತ ಕೇಳಬಹುದು. ಬಯಸುತ್ತಾರೆ. ಹೆಸರಿರುವ ಕಾಯಿಲೆಗೆ ರಜೆ ಸಿಗುತ್ತದೆ, ಮಾತ್ರೆ ಸಿಗುತ್ತದೆ, ನಾಲ್ಕು ಜನ ಬಂದು ಮಾತಾಡಿಸಿಕೊಂಡು ಹೋಗುತ್ತಾರೆ. ಹೆಸರಿಲ್ಲದ್ದಕ್ಕೆ ಸಿಗುವುದು ‘ಟೆನ್ಷನ್ ಮಾಡ್ಕೋಬೇಡಿ’ ಎಂಬ ಸಲಹೆ ಮಾತ್ರ.

ನನಗೆ ದಾರಿ ಕಂಡಿದ್ದು ಹೊಸ ಟೆಸ್ಟಿನಿಂದಲ್ಲ, ಹೊಸದಾಗಿ ಕೇಳಿದ ಒಂದು ಪ್ರಶ್ನೆಯಿಂದ. ನಮ್ಮ ಫ್ಯಾಮಿಲಿ ಡಾಕ್ಟರ್ ಫೈಲ್ ಮಡಚುವಷ್ಟರಲ್ಲಿ ಕೇಳಿದೆ: “ಡಾಕ್ಟ್ರೇ, ಇಷ್ಟು ಟೆಸ್ಟಿನಿಂದ ಏನೇನು ಇಲ್ಲ ಅಂತ ಆಯ್ತು?” ಅವರು ಕ್ಷಣ ಸುಮ್ಮನಿದ್ದು, ಚೀಟಿಯ ಹಿಂಬದಿಗೆ ಬರೆಯತೊಡಗಿದರು. ರಕ್ತಹೀನತೆ ಇಲ್ಲ. ಥೈರಾಯ್ಡ್ ತೊಂದರೆ ಇಲ್ಲ. ಡಯಾಬಿಟಿಸ್ ಇಲ್ಲ. ಹೃದಯದ ರಚನೆಯಲ್ಲಿ ದೋಷ ಇಲ್ಲ. ಮೆದುಳಲ್ಲಿ ಗಡ್ಡೆ ಇಲ್ಲ. “ಇದೇನು ಸಣ್ಣ ಪಟ್ಟಿ ಅಲ್ಲಮ್ಮ” ಅಂದರು. ಅದರ ಕೆಳಗೆ ಗೆರೆ ಎಳೆದು, ಇದುವರೆಗೆ ನೋಡದೆ ಇರುವುದನ್ನೂ ಬರೆದರು: ಫೆರಿಟಿನ್, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಎದ್ದು ನಿಂತಾಗ ನಾಡಿ ಹೇಗಿರುತ್ತದೆ ಅನ್ನುವುದು. ಹಿಮೋಗ್ಲೋಬಿನ್ ಸರಿಯಿದ್ದರೂ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿ ಸುಸ್ತು ಬರಬಹುದು, ಅದನ್ನು ತೋರಿಸುವುದು ಫೆರಿಟಿನ್. ನಿದ್ದೆಯ ತೊಂದರೆ ಯಾವ ರಕ್ತಪರೀಕ್ಷೆಯಲ್ಲೂ ಕಾಣುವುದಿಲ್ಲ. ಮಲಗಿಸಿ ಮಾಡಿದ ಇಸಿಜಿಗೆ ನಾನು ನಿಂತಾಗ ಏನಾಗುತ್ತದೆ ಅಂತ ಹೇಗೆ ಗೊತ್ತಾಗಬೇಕು? ಪ್ರತಿ ಪರೀಕ್ಷೆಯೂ ಅದಕ್ಕೆ ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಆ ಚೀಟಿ ಇವತ್ತಿಗೂ ನನ್ನ ಫೈಲಿನ ಮೊದಲ ಹಾಳೆ.

ಹಾಗಂತ ಇನ್ನೂ ನಲವತ್ತು ಟೆಸ್ಟ್ ಮಾಡಿಸಿ ಎಂದು ನಾನು ಹೇಳುತ್ತಿಲ್ಲ. ಲ್ಯಾಬ್ ರಿಪೋರ್ಟಿನಲ್ಲಿ ಪಕ್ಕಕ್ಕೆ ಅಚ್ಚಾಗಿರುವ ‘ನಾರ್ಮಲ್’ ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ 95% ಜನ ಒಳಗೆ ಬರುವಂತೆ ಗೊತ್ತುಮಾಡಿರುತ್ತಾರೆ. ಅಂದರೆ ಏನೂ ತೊಂದರೆಯಿಲ್ಲದವರಲ್ಲೂ ನೂರಕ್ಕೆ ಐವರು ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಒಟ್ಟಿಗೆ ಮಾಡಿಸಿದರೆ, ಆರೋಗ್ಯವಂತರಿಗೂ ಒಂದಾದರೂ ಕೆಂಪಕ್ಷರದಲ್ಲಿ ಬರುವ ಸಾಧ್ಯತೆ ಸುಮಾರು 64%. ನನಗೂ ಒಮ್ಮೆ ಎಎನ್‌ಎ ಎಂಬ, ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಮೇಲೇ ತಿರುಗಿಬಿದ್ದಿದೆಯೇ ಎಂದು ಹುಡುಕುವ ರಕ್ತಪರೀಕ್ಷೆ ಪಾಸಿಟಿವ್ ಬಂತು. ಹಾಗೆ ತಿರುಗಿಬೀಳುವ ಲೂಪಸ್ ಎಂಬ ಕಾಯಿಲೆಯೇ ಇರಬೇಕು ಅಂತ ಹುಡುಕಿ ಓದಿ ರಾತ್ರಿ ಪೂರ್ತಿ ನಿದ್ದೆಗೆಟ್ಟೆ. ಬಂದಿದ್ದು 1:40ರ ಮಟ್ಟದಲ್ಲಿ, ಅಂದರೆ ತೀರಾ ಕಡಿಮೆ ಮಟ್ಟದಲ್ಲಿ. ಆ ಮಟ್ಟದಲ್ಲಿ ಆರೋಗ್ಯವಂತರಲ್ಲೂ ಕಾಲುಭಾಗಕ್ಕಿಂತ ಹೆಚ್ಚು ಜನರಿಗೆ ಪಾಸಿಟಿವ್ ಬರುತ್ತದೆ ಎಂದು ರುಮಟಾಲಜಿಸ್ಟ್ (ಇಂಥ ಕಾಯಿಲೆಗಳ ತಜ್ಞರು) ವಿವರಿಸಿದ ಮೇಲೆ ಸಮಾಧಾನ. ಅಂದಿನಿಂದ ಯಾವುದೇ ಟೆಸ್ಟಿಗೆ ಮೊದಲು ಒಂದು ಮಾತು ಕೇಳಿಕೊಳ್ಳುತ್ತೇನೆ: ಪಾಸಿಟಿವ್ ಬಂದರೆ ಏನು ಮಾಡುತ್ತೀರಿ, ನೆಗೆಟಿವ್ ಬಂದರೆ ಏನು ಮಾಡುತ್ತೀರಿ? ಎರಡಕ್ಕೂ ಉತ್ತರ ಒಂದೇ ಆದರೆ ಆ ಟೆಸ್ಟ್ ಬೇಡ.

ಫೆರಿಟಿನ್ ಚೆನ್ನಾಗಿತ್ತು, ನಿದ್ದೆಯ ತೊಂದರೆಯ ಸೂಚನೆಯೂ ಇರಲಿಲ್ಲ. ಉಳಿದದ್ದು ನಾಡಿ. ಹತ್ತು ನಿಮಿಷ ಮಲಗಿಸಿ ನಾಡಿ, ಬಿಪಿ ನೋಡಿದರು. ಆಮೇಲೆ ಗೋಡೆಗೆ ಬೆನ್ನು ತಾಗಿಸಿ, ಅಲುಗಾಡದೆ ನಿಲ್ಲಿಸಿ ಹತ್ತು ನಿಮಿಷ ಮತ್ತೆ ಮತ್ತೆ ನೋಡಿದರು. ಐದನೇ ನಿಮಿಷಕ್ಕೆ ಅಂಗೈ ಬೆವರಿ, ಪಾದ ಕೆಂಪೇರಿ, ನರ್ಸ್ ಮಾತು ಎಲ್ಲೋ ದೂರದಿಂದ ಕೇಳಿದಂತಾಯಿತು. ದೊಡ್ಡವರಲ್ಲಿ ಬಿಪಿ ಅಷ್ಟಾಗಿ ಇಳಿಯದೆ ನಾಡಿ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಹೆಚ್ಚು ಏರಿದರೆ, ಲಕ್ಷಣಗಳೂ ತಿಂಗಳುಗಟ್ಟಲೆ ಇದ್ದರೆ, ‘ಪಾಟ್ಸ್’ (ಎದ್ದು ನಿಂತಾಗ ನಾಡಿ ಮಿತಿಮೀರಿ ಏರುವುದು) ಎಂಬ ಸ್ಥಿತಿಯ ಬಗ್ಗೆ ಯೋಚಿಸುತ್ತಾರೆ. ನನ್ನದು ಏರಿತು, ಆದರೆ 30ರ ಗೆರೆ ದಾಟಲಿಲ್ಲ. ಮತ್ತೆ ಹೆಸರಿಲ್ಲ! ಆದರೂ ಡಾಕ್ಟರ್ ಆ ದಾರಿಯಲ್ಲೇ ಸಲಹೆ ಕೊಟ್ಟರು: ನೀರು ಜಾಸ್ತಿ, ಹಾಸಿಗೆಯಿಂದ ಹಂತಹಂತವಾಗಿ ಏಳುವುದು, ಬಿಗಿ ಕಾಲುಚೀಲ, ನನ್ನ ಬಿಪಿ ನೋಡಿಕೊಂಡು ಸ್ವಲ್ಪ ಉಪ್ಪು. ಬಿಪಿ, ಕಿಡ್ನಿ, ಹೃದಯದ ತೊಂದರೆ ಇರುವವರು ಈ ಉಪ್ಪಿನ ಮಾತನ್ನು ತಾವಾಗಿಯೇ ಪಾಲಿಸಬಾರದು. ತರಗತಿಗೆ ಒಂದು ಕುರ್ಚಿ ಹಾಕಿಸಿಕೊಂಡೆ. ಮೊದಲ ವಾರ ಮಕ್ಕಳು ಪಿಸುಗುಟ್ಟಿದರು, ಆಮೇಲೆ ಮರೆತರು. ಹೆಸರು ಸಿಗದೆಯೂ ಚಿಕಿತ್ಸೆ ನಡೆಯಬಹುದು ಎಂಬುದು ನನಗೆ ಅರ್ಥವಾಗಿದ್ದು ಆಗ.

ಸುಸ್ತಿನ ಕಥೆ ಬೇರೆ. ಅದು ಯಾಕೆ, ಯಾವಾಗ ಬರುತ್ತದೆ ಅಂತ ತಲೆಬುಡ ಗೊತ್ತಾಗುತ್ತಿರಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದಿನಕ್ಕೆ ಎರಡೇ ಸಾಲು ಬರೆಯಲು ಶುರುಮಾಡಿದೆ, ಒಂದರಲ್ಲಿ ಏನೇನು ಮಾಡಿದೆ, ಇನ್ನೊಂದರಲ್ಲಿ ಹೇಗಿದ್ದೆ. ಅದಕ್ಕಿಂತ ಹೆಚ್ಚು ಬರೆದರೆ ಗಂಟೆಗೊಮ್ಮೆ ಮೈಯನ್ನು ತಡವಿ ನೋಡಿಕೊಳ್ಳುವ ಚಟ ಹತ್ತುತ್ತದೆ, ಅದೇ ಒಂದು ಕಾಯಿಲೆ. ರಾತ್ರಿ ಒಮ್ಮೆ ಬರೆದು ಮುಚ್ಚಿಡುವುದು, ಅಷ್ಟೇ. ಮೊದಮೊದಲು ಏನೂ ಕಾಣಲಿಲ್ಲ, ಯಾಕೆಂದರೆ ಮೈ ಕುಸಿದ ದಿನ ಏನು ಮಾಡಿದ್ದೆ ಅಂತಲೇ ನೋಡುತ್ತಿದ್ದೆ. ಎರಡು ದಿನ ಹಿಂದಕ್ಕೆ ತಿರುಗಿಸಿದಾಗ ಕಂಡಿತು. ಪರೀಕ್ಷೆ ಪತ್ರಿಕೆ ತಿದ್ದಿ ಮುಗಿಸಿದ ಭಾನುವಾರ ಆರಾಮಾಗೇ ಇದ್ದೆ, ಸೋಮವಾರವೂ ಪರವಾಗಿಲ್ಲ, ಮಂಗಳವಾರ ಹಾಸಿಗೆ ಹಿಡಿದಿದ್ದೆ. ಶ್ರಮದ ನಂತರದ ಈ ಕುಸಿತ ಸಾಮಾನ್ಯವಾಗಿ 12ರಿಂದ 48 ಗಂಟೆ ತಡವಾಗಿ ಬರುತ್ತದೆ. ಒಳ್ಳೆಯ ದಿನದಲ್ಲಿ ನಾನು ಖರ್ಚು ಮಾಡುತ್ತಿದ್ದದ್ದು ಸಾಲದ ಶಕ್ತಿಯನ್ನು, ವಸೂಲಿಗೆ ಬಡ್ಡಿ ಸಮೇತ ಬರುತ್ತಿದ್ದರು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ‘ದಿನಾ ಸ್ವಲ್ಪ ಸ್ವಲ್ಪ ವ್ಯಾಯಾಮ ಹೆಚ್ಚಿಸಿ, ಎಲ್ಲ ಸರಿಹೋಗುತ್ತೆ’ ಎಂಬ ಸಲಹೆ ಎಲ್ಲರಿಗೂ ಒಂದೇ ಅಲ್ಲ. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಎಂಬ ಕಾಯಿಲೆಯ ನೋವಿಗೆ ನಿಧಾನವಾಗಿ ಏರಿಸುವ ವ್ಯಾಯಾಮ ನಿಜಕ್ಕೂ ಸಹಾಯ ಮಾಡುತ್ತದೆ. ಆದರೆ ಶ್ರಮದ ನಂತರ ಹೀಗೆ ಕುಸಿಯುವವರಿಗೆ ಅದು ತಿರುಗುಬಾಣ ಆಗಬಹುದು. ಚಿಕಿತ್ಸೆಗಳ ಬಗ್ಗೆ ಮಾರ್ಗದರ್ಶನ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ ಎಂಇ/ಸಿಎಫ್‌ಎಸ್ (ಶ್ರಮದ ನಂತರ ಹೀಗೆ ಕುಸಿಯುವಂತೆ ಮಾಡುವ ದೀರ್ಘಕಾಲದ ದಣಿವಿನ ಕಾಯಿಲೆ) ಕುರಿತು 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ನಿಗದಿತ ಪ್ರಮಾಣದಲ್ಲಿ ಏರಿಸುತ್ತಾ ಹೋಗುವ ವ್ಯಾಯಾಮ ಚಿಕಿತ್ಸೆಯನ್ನು ಕೊಡಬಾರದು ಎಂದೇ ಹೇಳಿದೆ. ನಾನು ಹಿಡಿದದ್ದು ಪೇಸಿಂಗ್ ದಾರಿ. ದಣಿವಾದ ಮೇಲೆ ನಿಲ್ಲಿಸುವುದಲ್ಲ, ದಣಿವಿಗೆ ಮೊದಲೇ ನಿಲ್ಲಿಸುವುದು. ಉತ್ತರಪತ್ರಿಕೆಗಳನ್ನು ಹತ್ತತ್ತರ ಕಟ್ಟು ಮಾಡಿದೆ. ಒಂದು ಕಟ್ಟು ಮುಗಿದರೆ, ಇನ್ನೊಂದು ಮಾಡಬಲ್ಲೆ ಅನಿಸಿದರೂ ಪೆನ್ ಕೆಳಗೆ. ಕಣ್ಣು ಮುಚ್ಚಿ ಮಲಗಬೇಕು, ಮೊಬೈಲ್ ನೋಡುತ್ತಾ ಮಲಗಿದರೆ ಅದು ವಿಶ್ರಾಂತಿ ಅಲ್ಲ. ಮಾಡಬಲ್ಲೆ ಅನಿಸಿದಾಗ ನಿಲ್ಲಿಸುವುದಿದೆಯಲ್ಲ, ಈ ಇಡೀ ಪಾಡಿನಲ್ಲಿ ನನಗೆ ಅತಿ ಕಷ್ಟವಾದದ್ದು ಅದೇ. ಕುಸಿತಗಳು ನಿಂತಿಲ್ಲ, ಆದರೆ ಅಪರೂಪವಾಗಿವೆ, ಬಂದರೂ ಬೇಗ ಏಳುತ್ತೇನೆ.

‘ಎಲ್ಲ ಮನಸ್ಸಿಂದ ಬರೋದು’ ಅಂತ ಅಕ್ಕ ಅಂದಾಗ ಸಿಟ್ಟು ಬಂದಿತ್ತು. ಆದರೂ ಆಪ್ತಸಮಾಲೋಚಕರ ಹತ್ತಿರ ಹೋದೆ, ಹೋದದ್ದು ಒಳ್ಳೆಯದೇ ಆಯಿತು. ಸುಸ್ತು ಹೋಗಲಿಲ್ಲ. ಎದೆ ಡವಡವ ಅಂದಾಗೆಲ್ಲ ಹೃದಯಾಘಾತ ಅಂದುಕೊಳ್ಳುವ ಭಯ ಹೋಯಿತು, ಅದು ಹೋದಮೇಲೆ ನಿದ್ದೆ ಸುಧಾರಿಸಿತು. ಮನಸ್ಸಿಗೆ ಚಿಕಿತ್ಸೆ ಪಡೆದರೆ ಮೈಯ ಕಾಯಿಲೆ ಸುಳ್ಳು ಅಂತ ಒಪ್ಪಿಕೊಂಡ ಹಾಗಲ್ಲ. ಟೆಸ್ಟಿನಲ್ಲಿ ಏನೂ ಸಿಗಲಿಲ್ಲ, ಆದ್ದರಿಂದ ಮಾನಸಿಕ ಎಂಬ ತರ್ಕವನ್ನು ಮನೋವೈದ್ಯಶಾಸ್ತ್ರವೇ ಬಿಟ್ಟಿದೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5, 2013ರಲ್ಲಿ ಸೊಮ್ಯಾಟಿಕ್ ಸಿಂಪ್ಟಮ್ ಡಿಸಾರ್ಡರ್ (ಮೈಯ ಲಕ್ಷಣಗಳ ಬಗ್ಗೆ ಅತಿಯಾದ ಚಿಂತೆ ಬಿಡದೆ ಕಾಡುವುದು) ಎಂಬುದನ್ನು ವಿವರಿಸುವಾಗ ‘ವೈದ್ಯಕೀಯ ಕಾರಣ ಸಿಗದಿರುವುದು’ ಎಂಬ ಷರತ್ತನ್ನು ಕೈಬಿಟ್ಟಿತು. ಸೆಳೆತದ ಬಗ್ಗೆಯೂ ಅಷ್ಟೇ. ಅಂಗಾಂಶಕ್ಕೆ ಗಾಯವಿಲ್ಲದೆ, ನೋವನ್ನು ಗ್ರಹಿಸುವ ವ್ಯವಸ್ಥೆಯೇ ಬದಲಾಗಿ ಬರುವ ನೋವಿಗೆ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2017ರಲ್ಲಿ ‘ನಾಸಿಪ್ಲಾಸ್ಟಿಕ್’ ಎಂಬ ಹೆಸರನ್ನು ಒಪ್ಪಿತು. ಸ್ಕ್ಯಾನ್ ಶುದ್ಧವಾಗಿದ್ದರೂ ನೋವು ನಿಜ. ಇದನ್ನು ಅಕ್ಕನಿಗೆ ಓದಿ ಹೇಳಿದೆ. ಒಪ್ಪಿದಳೋ ಇಲ್ಲವೋ, ಆ ಮಾತಂತೂ ಮತ್ತೆ ಆಡಿಲ್ಲ.

ಈ ಮಧ್ಯೆ ಬಂದುಹೋದ ಡಿಟಾಕ್ಸ್, ಕಾಂತಪಟ್ಟಿ, ‘ಮೂಲಕಾರಣ’ ಪತ್ತೆ ಮಾಡುವ ದುಬಾರಿ ಪ್ಯಾಕೇಜುಗಳ ಬಗ್ಗೆ ಬರೆದು ಜಾಗ ಹಾಳುಮಾಡುವುದಿಲ್ಲ. ಖಚಿತವಾಗಿ ವಾಸಿ ಮಾಡುತ್ತೇನೆ ಅನ್ನುವವರಿಂದ ದೂರ ಇದ್ದೇನೆ.

ಈಗ ಒಬ್ಬರೇ ಡಾಕ್ಟರ್. ತಜ್ಞರ ಹತ್ತಿರ ಹೋಗಬೇಕಾದರೂ ಅವರ ಮೂಲಕವೇ. ಮೈ ಕೆಟ್ಟಾಗ ಓಡುವ ಬದಲು ಮೊದಲೇ ಗೊತ್ತುಮಾಡಿದ ದಿನಕ್ಕೆ ಹೋಗುತ್ತೇನೆ, ಕೈಯಲ್ಲಿ ಒಂದೇ ಹಾಳೆ. ಅದರಲ್ಲಿ ‘ತುಂಬಾ ಸುಸ್ತು’ ಅಂತ ಬರೆಯುವುದಿಲ್ಲ. ‘ಮೊದಲು ಸತತ ನಾಲ್ಕು ಪೀರಿಯಡ್ ನಿಂತು ಪಾಠ ಮಾಡುತ್ತಿದ್ದೆ, ಈಗ ಎರಡಾದ ಮೇಲೆ ಮಲಗಬೇಕು’ ಅಂತ ಬರೆಯುತ್ತೇನೆ. ಏನು ಮಾಡಲಾಗುತ್ತಿಲ್ಲ ಎಂಬುದು ವೈದ್ಯರಿಗೆ ನೋವಿನ ವರ್ಣನೆಗಿಂತ ಬೇಗ ತಲುಪುತ್ತದೆ.

ಗೊತ್ತುಮಾಡಿದ ದಿನಕ್ಕೆ ಕಾಯಬಾರದ ಸಂದರ್ಭಗಳನ್ನು ಅವರೇ ಬರೆದುಕೊಟ್ಟಿದ್ದಾರೆ: ಕಾರಣವಿಲ್ಲದೆ ತೂಕ ಇಳಿದರೆ, ಬಿಡದ ಜ್ವರ ಬಂದರೆ, ರಾತ್ರಿ ಮೈ ತೊಯ್ಯುವಷ್ಟು ಬೆವರಿದರೆ, ಮಲ ಮೂತ್ರ ಕಫದಲ್ಲಿ ರಕ್ತ ಕಂಡರೆ, ಪ್ರಜ್ಞೆ ತಪ್ಪಿದರೆ. ಒಂದು ಕಡೆಯ ಕೈಕಾಲು ಸೋತರೆ, ಮಾತು ತೊದಲಿದರೆ, ಎದೆ ಒತ್ತಿಹಿಡಿದಂತಾದರೆ ನೇರ ತುರ್ತು ವಿಭಾಗಕ್ಕೆ. ಹಳೆಯ ಕಾಯಿಲೆಯ ಮುಂದುವರಿಕೆ ಅಂತ ಅದನ್ನು ನಾನೂ ತಳ್ಳಿಹಾಕಬಾರದು, ಫೈಲಿನ ದಪ್ಪ ನೋಡಿ ಬೇರೆಯವರೂ ತಳ್ಳಿಹಾಕದಂತೆ ನೋಡಿಕೊಳ್ಳಬೇಕು. ಅದಕ್ಕೆಂದೇ ಹಾಳೆಯ ಮೇಲ್ಭಾಗದಲ್ಲಿ ‘ಹೊಸದು’ ಅಂತ ಒಂದು ಖಾನೆ ಮಾಡಿದ್ದೇನೆ. ಹೆಚ್ಚಿನ ಸಲ ಅದು ಖಾಲಿ ಇರುತ್ತದೆ. ಕಳೆದ ಸಲ ಮಾತ್ರ ಎಡಗಿವಿಯ ಗುಂಯ್‌ಗುಟ್ಟುವಿಕೆ ಬರೆದಿದ್ದೆ, ನೋಡಿದರೆ ಕಿವಿಯಲ್ಲಿ ಗುಗ್ಗೆ ಕಟ್ಟಿತ್ತು.